ಸಕ್ಕರೆ ಇಲ್ಲದ ಕಡೆ ಸಕ್ಕರೆ ಕಂಡ ಯಂತ್ರ

ಬೆರಳು ಚುಚ್ಚುವ ಗೋಜಿಲ್ಲ, ರಕ್ತದ ಹನಿ ಬೇಕಿಲ್ಲ, ಕೈಗೆ ಕಟ್ಟಿಕೊಂಡರೆ ಸಾಕು, ಹಗಲೂ ರಾತ್ರಿ ಶುಗರ್ ತೋರಿಸುತ್ತಲೇ ಇರುತ್ತದೆ. ಇಂಥ ವಾಚಿನ ಜಾಹೀರಾತು ಮೊಬೈಲಿನಲ್ಲಿ ಕಣ್ಣಿಗೆ ಬೀಳದ ಸಕ್ಕರೆ ಕಾಯಿಲೆಯವರು ಈಗ ಕಡಿಮೆ. ಪಕ್ಕದಲ್ಲಿ ‘ಎಐ ತಂತ್ರಜ್ಞಾನ’ ಎಂಬ ಮೊಹರು ಬೇರೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಈ ವಾಚು, ಉಂಗುರಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಎಚ್ಚರಿಸಿತು. ಚರ್ಮ ಚುಚ್ಚದೆ ತಾನೇ ಶುಗರ್ ಅಳೆಯುವ ಒಂದೇ ಒಂದು ವಾಚಿಗಾಗಲಿ ಉಂಗುರಕ್ಕಾಗಲಿ ತಾನು ಅನುಮತಿ ಕೊಟ್ಟಿಲ್ಲ ಎಂದಿತು. ಅವು ತೋರಿಸುವ ಸಂಖ್ಯೆ ನಂಬಿ ಇನ್ಸುಲಿನ್ ಹೆಚ್ಚು ತೆಗೆದುಕೊಂಡವರು ಕೆಲವೇ ಗಂಟೆಗಳಲ್ಲಿ ಕೋಮಾಕ್ಕೆ ಜಾರಬಹುದು, ಪ್ರಾಣವೂ ಹೋಗಬಹುದು ಎಂದೂ ಸೇರಿಸಿತು.

ಜನ ಮೋಸ ಹೋಗುವುದಕ್ಕೆ ಕಾರಣವಿದೆ. ಅದೇ ಎಐ ಹೆಸರಿನಲ್ಲಿ, ನಿಜವಾಗಿಯೂ ಪ್ರಾಣ ಕಾಯುವ ಸಲಕರಣೆಗಳೂ ಮಾರುಕಟ್ಟೆಯಲ್ಲಿವೆ. ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್, ಅದರ ಮಾತು ಕೇಳಿ ನಡುರಾತ್ರಿ ತಾನಾಗಿಯೇ ಇನ್ಸುಲಿನ್ ನಿಲ್ಲಿಸುವ ಪಂಪ್, ಇವು ಕಟ್ಟುಕತೆಯಲ್ಲ. ಹಾಗಾದರೆ ಈ ಎಐ ಹಿಂದಿರುವ ಮಷೀನ್ ಲರ್ನಿಂಗ್, ಅಂದರೆ ಯಂತ್ರಕಲಿಕೆ ಎಂಬುದು ಶುಗರ್ ಅಳತೆಯಲ್ಲಿ ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ? ನನಗೆ ಕಂಡಂತೆ ಗೆರೆ ಸ್ಪಷ್ಟವಾಗಿಯೇ ಇದೆ. ಸಕ್ಕರೆಯನ್ನು ನಿಜವಾಗಿ ಮುಟ್ಟುವ ಸೆನ್ಸರ್ ಒಂದಿದ್ದರೆ, ಅದರ ತೊದಲು ಮಾತನ್ನು ತಿದ್ದುವುದರಲ್ಲೂ ಅರ್ಧ ಗಂಟೆ ಮುಂದಕ್ಕೆ ಕಣ್ಣು ಹಾಯಿಸುವುದರಲ್ಲೂ ಯಂತ್ರ ಗಟ್ಟಿಗ. ಮುಟ್ಟುವ ಸೆನ್ಸರೇ ಇಲ್ಲದಿದ್ದರೆ ಅದು ಉತ್ತರ ಕೊಡದೆ ಸುಮ್ಮನಿರುವುದಿಲ್ಲ. ಉತ್ತರ ಕಟ್ಟುತ್ತದೆ, ಅದೂ ನಂಬುವ ಹಾಗೆ.

ಮನೆಯ ಗ್ಲುಕೋಮೀಟರಿನಿಂದಲೇ ಶುರು ಮಾಡೋಣ. ಸ್ಟ್ರಿಪ್ಪಿನ ತುದಿಯಲ್ಲಿ ಗ್ಲುಕೋಸನ್ನು ಹಿಡಿದು ಒಡೆಯುವ ಕಿಣ್ವದ ಲೇಪವಿರುತ್ತದೆ. ರಕ್ತದ ಹನಿ ತಾಗಿದೊಡನೆ ರಾಸಾಯನಿಕ ಕ್ರಿಯೆ ನಡೆದು ಸಣ್ಣದೊಂದು ವಿದ್ಯುತ್ ಹರಿಯುತ್ತದೆ. ಸಕ್ಕರೆ ಹೆಚ್ಚಿದ್ದರೆ ವಿದ್ಯುತ್ತೂ ಹೆಚ್ಚು. ಕಿಣ್ವವನ್ನೂ ಎಲೆಕ್ಟ್ರೋಡನ್ನೂ ಹೀಗೆ ಜೋಡಿಸುವ ಉಪಾಯವನ್ನು ಲೆಲ್ಯಾಂಡ್ ಕ್ಲಾರ್ಕ್ ಎಂಬ ಅಮೆರಿಕನ್ ವಿಜ್ಞಾನಿ 1962ರಲ್ಲೇ ಮುಂದಿಟ್ಟಿದ್ದರು. ಅಂದರೆ ಮೀಟರ್ ಅಳೆಯುವುದು ವಿದ್ಯುತ್ತನ್ನು, ಹೇಳುವುದು ಸಕ್ಕರೆಯ ಸಂಖ್ಯೆಯನ್ನು. ನಡುವೆ ಒಂದು ಲೆಕ್ಕಾಚಾರ ಇದ್ದೇ ಇದೆ. ಅದರಲ್ಲಿ ತಪ್ಪಿಗೂ ಜಾಗವಿದೆ. 2013ರ ಐಎಸ್‌ಒ ಮಾನದಂಡದ ಪ್ರಕಾರ ಶುಗರ್ 100 ಅಥವಾ ಅದಕ್ಕಿಂತ ಮೇಲಿದ್ದಾಗ ಮೀಟರ್ ಶೇ 15ರಷ್ಟು ಆಚೀಚೆ ಹೋದರೂ ಅದನ್ನು ಸರಿಯೆಂದೇ ಒಪ್ಪುತ್ತಾರೆ. 100ಕ್ಕಿಂತ ಕೆಳಗಿದ್ದರೆ 15 ಮಿಲಿಗ್ರಾಂವರೆಗೆ. ಹಾಗಾಗಿ ಲ್ಯಾಬಿನವರು 155 ಎಂದಾಗ ಮನೆಯ ಮೀಟರ್ 172 ತೋರಿಸಿದರೆ ಯಾರೂ ಯಾರಿಗೂ ಮೋಸ ಮಾಡಿಲ್ಲ. ಇಷ್ಟಕ್ಕೇ ಲ್ಯಾಬ್ ಬದಲಿಸಿದ ಮನೆಗಳು ಎಷ್ಟೋ ಇವೆ.

ಬೆರಳು ಚುಚ್ಚಿದರೆ ಸಿಗುವುದು ಆ ಕ್ಷಣದ ಸುದ್ದಿ ಮಾತ್ರ. ಬೆಳಗಿನ ಫಾಸ್ಟಿಂಗ್ ಒಂದು, ತಿಂಡಿಯಾದ ಎರಡು ಗಂಟೆಗೆ ಇನ್ನೊಂದು. ನಡುವೆ ಏನಾಯಿತು, ರಾತ್ರಿ ಮೂರು ಗಂಟೆಗೆ ಎಲ್ಲಿಗೆ ಇಳಿದಿತ್ತು ಎಂಬುದು ಯಾರಿಗೂ ಗೊತ್ತಿಲ್ಲ. ಆ ಕತ್ತಲನ್ನು ತುಂಬಲು ಬಂದದ್ದೇ ನಿರಂತರ ಸೆನ್ಸರ್, ಡಾಕ್ಟರುಗಳ ಬಾಯಲ್ಲಿ ಸಿಜಿಎಂ. ಮಿನಿಮೆಡ್ ಕಂಪನಿಯ ಮೊದಲ ಸೆನ್ಸರಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1999ರಲ್ಲಿ. ಅದು ಮೂರು ದಿನ ಮಾತ್ರ ನಡೆಯುತ್ತಿತ್ತು. ಹಾಕಿಕೊಂಡ ರೋಗಿಗೆ ಸಂಖ್ಯೆ ಕಾಣಿಸುತ್ತಲೂ ಇರಲಿಲ್ಲ, ಕೊನೆಗೆ ಡಾಕ್ಟರು ಕಂಪ್ಯೂಟರಿಗೆ ಇಳಿಸಿಕೊಂಡು ನೋಡಬೇಕಿತ್ತು. 2014ರಲ್ಲಿ ಯುರೋಪಿಗೆ ಬಂದ ಫ್ರೀಸ್ಟೈಲ್ ಲಿಬ್ರೆ ಹದಿನಾಲ್ಕು ದಿನ ತೋಳಿನ ಮೇಲೆ ಕೂತು, ಕೇಳಿದಾಗೆಲ್ಲ ಲೆಕ್ಕ ಒಪ್ಪಿಸತೊಡಗಿತು. ಚರ್ಮದೊಳಗೆ ಹೋಗುವ ಎಳೆ ಸುಮಾರು ಅರ್ಧ ಸೆಂಟಿಮೀಟರ್, ಅದರ ತುದಿಯಲ್ಲೂ ಕ್ಲಾರ್ಕ್ ಕಾಲದ ಅದೇ ಕಿಣ್ವದ ಉಪಾಯ.

ಒಂದು ವಿಷಯ ಬಹಳ ಮಂದಿಗೆ ತಿಳಿಯದು. ಸೆನ್ಸರಿನ ಎಳೆ ರಕ್ತನಾಳದೊಳಗೆ ಇರುವುದಿಲ್ಲ. ಜೀವಕೋಶಗಳ ನಡುವೆ ತುಂಬಿಕೊಂಡಿರುವ ದ್ರವದಲ್ಲಿ ಇರುತ್ತದೆ. ನಾಲೆಗೆ ನೀರು ಬಿಟ್ಟ ಕೂಡಲೇ ಗದ್ದೆಯ ಕೊನೆಯ ಸಾಲು ನೆನೆಯುವುದಿಲ್ಲವಷ್ಟೆ. ನಾಲೆ ರಕ್ತ, ಗದ್ದೆ ಈ ದ್ರವ. ಊಟವಾಗಿ ರಕ್ತದಲ್ಲಿ ಸಕ್ಕರೆ ಏರಿದ ಐದರಿಂದ ಹತ್ತು ನಿಮಿಷಕ್ಕೆ ಸೆನ್ಸರಿಗೆ ಆ ಸುದ್ದಿ ತಲುಪುತ್ತದೆ, ಇಳಿಯುವಾಗಲೂ ಹಾಗೆಯೇ. ಶುಗರ್ ನಿಂತ ನೀರಿನಂತಿದ್ದಾಗ ಇದರಿಂದ ತೊಂದರೆಯಿಲ್ಲ. ವೇಗವಾಗಿ ಕುಸಿಯುತ್ತಿರುವಾಗ ಮಾತ್ರ ಆ ಹತ್ತು ನಿಮಿಷ ದುಬಾರಿ.

ಯಂತ್ರಕಲಿಕೆಯ ಮೊದಲ ಕೆಲಸ ಇಲ್ಲೇ ಇದೆ, ಯಾರಿಗೂ ಕಾಣದ ಜಾಗದಲ್ಲಿ. ಸೆನ್ಸರಿನಿಂದ ಬರುವ ವಿದ್ಯುತ್ ಬಹಳ ಕ್ಷೀಣ. ಹಾಕಿಕೊಂಡ ಮೊದಲ ದಿನ ದೇಹ ಅದನ್ನು ಹೊರಗಿನ ವಸ್ತುವೆಂದು ಪ್ರತಿಭಟಿಸುತ್ತದೆ, ಅಳತೆ ಓಲಾಡುತ್ತದೆ. ದಿನ ಕಳೆದಂತೆ ಕಿಣ್ವ ಸೊರಗುತ್ತದೆ, ಸಂಖ್ಯೆ ಮೆಲ್ಲಗೆ ಒಂದು ಕಡೆಗೆ ವಾಲುತ್ತದೆ. ಆ ತೋಳಿನ ಮೇಲೇ ಒರಗಿ ಮಲಗಿದರೆ ಅಲ್ಲಿಗೆ ದ್ರವ ಸರಿಯಾಗಿ ಹರಿಯದೆ ಶುಗರ್ ದಿಢೀರನೆ ಕುಸಿದಂತೆ ಕಾಣುತ್ತದೆ. ಅಲಾರಾಂ ಹೊಡೆದುಕೊಂಡು ಮನೆಮಂದಿಯೆಲ್ಲ ಎದ್ದು ಕೂರುತ್ತಾರೆ, ಬೆರಳು ಚುಚ್ಚಿ ನೋಡಿದರೆ 110! ಈ ಗದ್ದಲದ ನಡುವೆ ನಿಜವಾದ ಸಕ್ಕರೆಯ ಗೆರೆ ಯಾವುದು ಎಂದು ಬಿಡಿಸಬೇಕು. ಅದಕ್ಕಾಗಿ ಸ್ವಯಂಸೇವಕರನ್ನು ಆಸ್ಪತ್ರೆಯಲ್ಲಿ ಗಂಟೆಗಟ್ಟಲೆ ಕೂರಿಸಿ, ಸೆನ್ಸರ್ ನಡೆಯುತ್ತಿರುವಾಗಲೇ ಆಗಾಗ ಅಭಿಧಮನಿಯಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಅಳೆಯುತ್ತಾರೆ. ಹೀಗೆ ಸಿಕ್ಕ ಜೋಡಿಗಳಿಂದ, ಇಂಥ ವಿದ್ಯುತ್ತಿಗೆ ಇಷ್ಟು ಸಕ್ಕರೆ ಎಂಬ ಸಂಬಂಧವನ್ನು ಕಲಿಯಬೇಕು. ಅಪೋಲೋ ನೌಕೆಯ ದಾರಿಯ ಲೆಕ್ಕಕ್ಕೆ ಬಳಸಿದ ಕಾಲ್ಮನ್ ಫಿಲ್ಟರ್ ಎಂಬ ಹಳೆಯ ಗಣಿತವೂ ಸೆನ್ಸರ್ ಸಂಶೋಧನೆಯಲ್ಲಿ ದುಡಿದಿದೆ, ಈಚಿನ ನ್ಯೂರಲ್ ನೆಟ್‌ವರ್ಕುಗಳೂ ದುಡಿಯುತ್ತಿವೆ. ಕಿಣ್ವ, ಪೊರೆ, ಗಣಿತ ಎಲ್ಲ ಸುಧಾರಿಸಿದ ಫಲವಾಗಿ, ಮೊದಲ ತಲೆಮಾರಿನ ಸೆನ್ಸರುಗಳಲ್ಲಿ ಸರಾಸರಿ ಶೇ 20ರ ಆಸುಪಾಸಿನಲ್ಲಿದ್ದ ತಪ್ಪು ಇಂದಿನ ಒಳ್ಳೆಯ ಸೆನ್ಸರುಗಳಲ್ಲಿ ಶೇ 8–9ಕ್ಕೆ ಇಳಿದಿದೆ. ಮೊದಲೆಲ್ಲ ಸೆನ್ಸರನ್ನು ದಾರಿಗೆ ತರಲು ದಿನಕ್ಕೆರಡು ಸಲ ಬೆರಳು ಚುಚ್ಚಿ ಅದಕ್ಕೆ ಸರಿಯಾದ ಸಂಖ್ಯೆ ಹೇಳಿಕೊಡಬೇಕಿತ್ತು. ಈಗ ಕಾರ್ಖಾನೆಯಲ್ಲೇ ಆ ಪಾಠ ಮುಗಿಸಿ ಕಳಿಸುತ್ತಾರೆ.

ಎರಡನೆಯ ಕೆಲಸ ಮುನ್ಸೂಚನೆ. ಇದರ ಬೆಲೆ ಗೊತ್ತಿರುವುದು ಟೈಪ್ 1 ಮಧುಮೇಹವಿರುವ ಮಕ್ಕಳ ತಂದೆತಾಯಿಗೆ. ಚುಚ್ಚಿದ ಇನ್ಸುಲಿನ್ನನ್ನು ವಾಪಸು ತೆಗೆಯಲಾಗುವುದಿಲ್ಲ. ಬೇಗ ಕೆಲಸ ಮಾಡುವಂಥದ್ದೂ ಮೂರ್ನಾಲ್ಕು ಗಂಟೆ ತನ್ನ ಪಾಡಿಗೆ ತಾನು ಸಕ್ಕರೆ ಇಳಿಸುತ್ತಲೇ ಇರುತ್ತದೆ. ನಿದ್ದೆಯಲ್ಲಿ ಶುಗರ್ ಲೋ ಆದರೆ ಮಗುವಿಗೆ ಬೆವರುವುದೂ ನಡುಗುವುದೂ ಗೊತ್ತಾಗದೇ ಇರಬಹುದು. 70 ಮುಟ್ಟಿದ ಮೇಲೆ ಕೂಗುವ ಅಲಾರಾಂಗಿಂತ, ಇನ್ನು ಅರ್ಧ ಗಂಟೆಗೆ 70ಕ್ಕೆ ಬರಲಿದೆ ಎಂದು ಮೊದಲೇ ಹೇಳುವ ಯಂತ್ರವೇ ಬೇಕು. ಅಷ್ಟರಲ್ಲಿ ಒಂದು ಲೋಟ ಹಣ್ಣಿನ ರಸ ಕುಡಿಸಬಹುದು, ಇಲ್ಲವೇ ಪಂಪ್ ತಾನೇ ಇನ್ಸುಲಿನ್ ನಿಲ್ಲಿಸಬಹುದು.

ಈ ಕೆಲಸಕ್ಕೆ ಎಂಥ ಮಹಾಬುದ್ಧಿ ಬೇಕು? 2018ರಲ್ಲಿ ಟ್ಯಾಂಡೆಮ್ ಕಂಪನಿಯ ಬೇಸಲ್-ಐಕ್ಯೂ ಎಂಬ ವ್ಯವಸ್ಥೆಗೆ ಎಫ್‌ಡಿಎ ಅನುಮತಿ ಕೊಟ್ಟಿತು. ಅದು ಮಾಡುತ್ತಿದ್ದುದು ಇಷ್ಟೇ: ಸೆನ್ಸರಿನ ಕೊನೆಯ ನಾಲ್ಕು ಸಂಖ್ಯೆಗಳ ಮೂಲಕ ಒಂದು ಸರಳರೇಖೆ ಎಳೆಯುವುದು, ಅದನ್ನು ಮೂವತ್ತು ನಿಮಿಷ ಮುಂದಕ್ಕೆ ಚಾಚುವುದು, 80ಕ್ಕಿಂತ ಕೆಳಗೆ ಬೀಳುತ್ತದೆ ಎಂದು ಕಂಡರೆ ಪಂಪ್ ನಿಲ್ಲಿಸುವುದು. ಹೈಸ್ಕೂಲಿನ ಗ್ರಾಫ್ ಪುಸ್ತಕದಲ್ಲಿ ಎಳೆಯುತ್ತಿದ್ದೆವಲ್ಲ, ಅದೇ ಗೆರೆ. ಅದರಿಂದಲೇ ಲೋ ಆಗುವ ಸಮಯ ಗಣನೀಯವಾಗಿ ತಗ್ಗಿತು. ಎಐ ಹೆಸರು ಕೇಳಿದೊಡನೆ ಕೈಮುಗಿಯುವವರಿಗೆ ನಾನು ಈ ಸರಳರೇಖೆಯನ್ನು ನೆನಪಿಸುವುದುಂಟು. ಒಳ್ಳೆಯ ಸೆನ್ಸರ್ ಕೈಯಲ್ಲಿದ್ದರೆ ಸಾಧಾರಣ ಗಣಿತವೂ ಎಷ್ಟೋ ದೂರ ಒಯ್ಯುತ್ತದೆ.

ಹಾಗೆಂದು ಸರಳರೇಖೆಯೇ ಸಾಕು ಎಂದಲ್ಲ. ಶುಗರ್ ನೇರ ಗೆರೆಯಲ್ಲಿ ನಡೆಯುವುದಿಲ್ಲ. ಊಟ, ಇನ್ಸುಲಿನ್, ನಡಿಗೆ, ಜ್ವರ, ಜಗಳ ಎಲ್ಲ ಅದನ್ನು ತಿರುಗಿಸುತ್ತವೆ. ಇವನ್ನೆಲ್ಲ ಕೂಡಿಸಿ ಊಹಿಸಬಲ್ಲ ಮಾದರಿಗಳನ್ನು ಹೋಲಿಸಿ ನೋಡಲೆಂದು ಅಮೆರಿಕದ ಓಹಾಯೋ ವಿಶ್ವವಿದ್ಯಾಲಯದವರು ಟೈಪ್ 1 ರೋಗಿಗಳ ಎಂಟೆಂಟು ವಾರದ ದತ್ತಾಂಶವನ್ನು ಹೆಸರು ಅಳಿಸಿ ಸಂಶೋಧಕರಿಗೆ ಬಿಟ್ಟುಕೊಟ್ಟರು. 2018ರಲ್ಲಿ ಆರು ಮಂದಿಯದು, 2020ರಲ್ಲಿ ಇನ್ನಾರು ಮಂದಿಯದು. ಐದು ನಿಮಿಷಕ್ಕೊಂದು ಸೆನ್ಸರ್ ಸಂಖ್ಯೆ, ಇನ್ಸುಲಿನ್ ಲೆಕ್ಕ, ತಿಂದದ್ದು ಎಷ್ಟೆಂದು ಅವರೇ ಬರೆದಿಟ್ಟದ್ದು, ಕೈಪಟ್ಟಿಯ ದಾಖಲೆ. ಈ ದತ್ತಾಂಶದ ಮೇಲೆ ನಡೆದ ಸ್ಪರ್ಧೆಗೆ ಡೀಪ್ ಲರ್ನಿಂಗಿನ ಬಗೆಬಗೆಯ ಮಾದರಿಗಳು ಬಂದವು. ಮೂವತ್ತು ನಿಮಿಷದ ಮುನ್ಸೂಚನೆಯಲ್ಲಿ ಮುಂಚೂಣಿಯ ಮಾದರಿಗಳ ತಪ್ಪು ಸುಮಾರು 18–20 ಮಿಲಿಗ್ರಾಂಗೆ ಬಂದು ನಿಂತಿತು. ಅರವತ್ತು ನಿಮಿಷಕ್ಕೆ ಹೋದರೆ 30ರ ಆಚೆ. ಮಾದರಿ ಎಷ್ಟೇ ದೊಡ್ಡದಾದರೂ ಈ ಗೋಡೆ ಹೆಚ್ಚು ಅಲುಗಾಡಲಿಲ್ಲ. ಇನ್ನು ಹತ್ತು ನಿಮಿಷಕ್ಕೆ ನೀವು ಪಕ್ಕದ ಮನೆಯ ನಾಮಕರಣದಲ್ಲಿ ಹೋಳಿಗೆ ತಿನ್ನಲಿದ್ದೀರಿ ಎಂಬುದು ಈಗಿನ ಶುಗರಿನಲ್ಲಿ ಬರೆದಿರುವುದಿಲ್ಲವಲ್ಲ.

ತಪ್ಪಿನ ಸರಾಸರಿ ಎಂಬುದೂ ಕಣ್ಣಿಗೆ ಮಣ್ಣೆರಚುತ್ತದೆ. ನಿಜವಾದ ಶುಗರ್ 300 ಇದ್ದು ಯಂತ್ರ 260 ಎಂದರೆ ತಪ್ಪು 40. ಆದರೆ ಎರಡಕ್ಕೂ ಮಾಡಬೇಕಾದ್ದು ಒಂದೇ. ನಿಜ 55 ಇದ್ದು ಯಂತ್ರ 95 ಎಂದರೂ ತಪ್ಪು 40. ಇಲ್ಲಿ ಒಬ್ಬ ಮನುಷ್ಯ ಸಕ್ಕರೆ ಬಾಯಿಗೆ ಹಾಕಿಕೊಳ್ಳದೆ ಮಲಗಿಬಿಡಬಹುದು. ವರ್ಜೀನಿಯಾ ವಿಶ್ವವಿದ್ಯಾಲಯದ ವಿಲಿಯಂ ಕ್ಲಾರ್ಕ್ ಮತ್ತು ಸಂಗಡಿಗರು 1987ರಲ್ಲೇ ಇದನ್ನು ಅರಿತು, ತಪ್ಪನ್ನು ಅದರ ಪರಿಣಾಮದಿಂದ ತೂಗುವ ಒಂದು ಚೌಕಟ್ಟು ರಚಿಸಿದರು. ‘ಎ’ಯಿಂದ ‘ಇ’ವರೆಗೆ ಐದು ವಲಯ. ಲೋ ಇರುವುದನ್ನು ಹೈ ಎಂದೋ ಹೈ ಇರುವುದನ್ನು ಲೋ ಎಂದೋ ಹೇಳಿ ತಿರುಗಾಮುರುಗಾ ಚಿಕಿತ್ಸೆಗೆ ತಳ್ಳುವ ತಪ್ಪು ಕೊನೆಯ ವಲಯದಲ್ಲಿ. ಇಂದಿಗೂ ಹೊಸ ಮಾದರಿಯ ಪ್ರಬಂಧ ಬಂದರೆ ನಾನು ಮೊದಲು ಹುಡುಕುವುದು ಈ ಚೌಕಟ್ಟಿನ ಚಿತ್ರವನ್ನು.

ಇದಕ್ಕೆ ಅಂಟಿಕೊಂಡೇ ಇನ್ನೊಂದು ತೊಡಕಿದೆ. ದಿನದಲ್ಲಿ 70ಕ್ಕಿಂತ ಕೆಳಗೆ ಕಳೆಯುವ ಸಮಯ ಶೇ 4ರೊಳಗೆ, ಅಂದರೆ ಒಂದು ಗಂಟೆಗಿಂತ ಕಡಿಮೆ ಇರಬೇಕೆಂದೂ, 70ರಿಂದ 180ರ ನಡುವೆ ಶೇ 70ಕ್ಕಿಂತ ಹೆಚ್ಚು ಸಮಯ ಇರಬೇಕೆಂದೂ 2019ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಮ್ಮತಕ್ಕೆ ಬಂದರು. ಈ ಮಿತಿಯಲ್ಲಿರುವವರ ದತ್ತಾಂಶವನ್ನು ಯಂತ್ರಕ್ಕೆ ಕೊಟ್ಟರೆ, ‘ಲೋ ಆಗುವುದಿಲ್ಲ’ ಎಂದು ಕಣ್ಣು ಮುಚ್ಚಿ ಪ್ರತಿಸಲವೂ ಹೇಳುವ ದಡ್ಡ ಮಾದರಿಗೂ ನೂರಕ್ಕೆ 96 ಅಂಕ ಬರುತ್ತದೆ. ಯಾವ ನಾಲ್ಕು ಬೇಕಿತ್ತೋ ಅವೇ ತಪ್ಪಿಹೋಗಿರುತ್ತವೆ. ಹಾಗಾಗಿ ಜಾಹೀರಾತಿನ ‘ಶೇ 96 ನಿಖರ’ ಎಂಬ ಸಾಲಿಗೆ ಅರ್ಥವಿಲ್ಲ. ಲೋ ಬಂದಾಗ ಎಷ್ಟು ಸಲ ಹಿಡಿಯಿತು, ಬಾರದಿದ್ದಾಗ ಎಷ್ಟು ಸಲ ಸುಮ್ಮನೆ ಎಬ್ಬಿಸಿತು, ಈ ಎರಡು ಲೆಕ್ಕ ಮಾತ್ರ ಬೇಕು. ಎರಡನೆಯದೂ ಸಣ್ಣ ವಿಷಯವಲ್ಲ. ವಾರಕ್ಕೆ ನಾಲ್ಕು ರಾತ್ರಿ ಸುಳ್ಳು ಅಲಾರಾಂ ಹೊಡೆದರೆ ಐದನೆಯ ರಾತ್ರಿ ಅಪ್ಪ ಅದನ್ನು ಆಫ್ ಮಾಡಿಯೇ ಮಲಗುತ್ತಾನೆ.

ಊಟದ ಕಡೆಗೆ ಬಂದರೆ 2015ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಎರಾನ್ ಸೆಗಲ್ ಮತ್ತು ಎರಾನ್ ಎಲಿನಾವ್ ತಂಡದ ಅಧ್ಯಯನ ದೊಡ್ಡ ಸದ್ದು ಮಾಡಿತು. ಎಂಟುನೂರು ಮಂದಿಗೆ ಒಂದು ವಾರ ಸೆನ್ಸರ್ ಹಾಕಿ, ನಲವತ್ತಾರು ಸಾವಿರಕ್ಕೂ ಹೆಚ್ಚು ಊಟಗಳನ್ನು ದಾಖಲಿಸಿದರು. ಒಂದೇ ತಿನಿಸು ಒಬ್ಬರಲ್ಲಿ ಸಕ್ಕರೆ ಏರಿಸಿದರೆ ಇನ್ನೊಬ್ಬರಲ್ಲಿ ಏರಿಸುತ್ತಿರಲಿಲ್ಲ. ಕರುಳಿನ ಸೂಕ್ಷ್ಮಜೀವಿಗಳ ವಿವರವನ್ನೂ ಸೇರಿಸಿ ಕಲಿತ ಯಂತ್ರ, ಬರೀ ಕಾರ್ಬೋಹೈಡ್ರೇಟ್ ಎಣಿಸುವುದಕ್ಕಿಂತ ಎಷ್ಟೋ ಚೆನ್ನಾಗಿ ಊಹಿಸಿತು. ‘ನಿಮಗಾಗಿಯೇ ಆಹಾರ’ ಎಂದು ಹೇಳಿಕೊಳ್ಳುವ ವ್ಯಾಪಾರವೊಂದು ಆ ನಂತರ ಬೆಳೆದು ನಿಂತಿತು. ಆದರೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ತಂಡ ಮಧುಮೇಹವಿಲ್ಲದವರಲ್ಲಿ ಅದೇ ವ್ಯಕ್ತಿಗೆ ಅದೇ ಊಟವನ್ನು ಕೆಲ ದಿನ ಬಿಟ್ಟು ಮತ್ತೆ ಕೊಟ್ಟಾಗ, ಸಕ್ಕರೆಯ ಏರಿಳಿತ ಎರಡೂ ಸಲ ಒಂದೇ ಆಗಿರಲಿಲ್ಲ. ನಿನ್ನೆ ಇಡ್ಲಿಗೆ 160, ಇವತ್ತು ಅದೇ ಇಡ್ಲಿಗೆ 130 ಎಂದು ತಲೆ ಕೆರೆದುಕೊಳ್ಳುವವರು ಒಂಟಿಯಲ್ಲ. ಒಂದು ಸಲದ ಸಂಖ್ಯೆ ನೋಡಿ ಇಡ್ಲಿಯನ್ನು ಮನೆಯಿಂದ ಗಡೀಪಾರು ಮಾಡಬೇಡಿ.

ಈಗ ಚುಚ್ಚದೆ ಅಳೆಯುವ ಕನಸಿಗೆ ಬರೋಣ. ಹಸಿವಿನ ಹೊತ್ತಿನಲ್ಲಿ ಆರೋಗ್ಯವಂತರ ರಕ್ತದಲ್ಲಿ ಲೀಟರಿಗೆ ಸುಮಾರು ಒಂದು ಗ್ರಾಂ ಗ್ಲುಕೋಸ್, ಇಡೀ ದೇಹದ ಐದು ಲೀಟರಿಗೆ ಒಂದು ಟೀ ಚಮಚದಷ್ಟು. ಚರ್ಮದ ಮೇಲಿನಿಂದ ಅತಿಗೆಂಪು ಬೆಳಕು ಹಾಯಿಸಿ ಈ ಸಾವಿರದಲ್ಲೊಂದು ಪಾಲನ್ನು ಗುರುತಿಸಬೇಕು, ಅದರಲ್ಲೂ ಡೆಸಿಲೀಟರಿಗೆ ಹತ್ತು ಹದಿನೈದು ಮಿಲಿಗ್ರಾಂ ವ್ಯತ್ಯಾಸವಾದರೆ ತಿಳಿಯಬೇಕು. ಆ ಬೆಳಕನ್ನು ನುಂಗುವುದರಲ್ಲಿ ನೀರಿನದೇ ಸಿಂಹಪಾಲು, ಆಮೇಲೆ ಪ್ರೊಟೀನ್, ಕೊಬ್ಬು. ಚರ್ಮ ತುಸು ಬೆಚ್ಚಗಾದರೆ, ಬೆವರಿದರೆ, ವಾಚಿನ ಪಟ್ಟಿ ಸಡಿಲವಾದರೆ ಆಗುವ ಬದಲಾವಣೆಯೇ ಗ್ಲುಕೋಸಿನಿಂದ ಆಗುವುದಕ್ಕಿಂತ ಹೆಚ್ಚು. ಈ ರಾಶಿಯಿಂದ ಸಕ್ಕರೆಯ ಎಳೆಯನ್ನು ಬಿಡಿಸಿಕೊಡು ಎಂದು ಸಂಶೋಧಕರು ಕಲಿಯುವ ಗಣಿತದ ಮೊರೆಹೋದದ್ದು ಸಹಜವೇ. 1990ರ ದಶಕದಲ್ಲಿ ‘ಸಾಧಿಸಿದ್ದೇವೆ’ ಎನ್ನುವ ಪ್ರಬಂಧಗಳು ಒಂದರ ಹಿಂದೊಂದು ಬಂದವು.

1998ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಮಾರ್ಕ್ ಅರ್ನಾಲ್ಡ್, ಜೇಸನ್ ಬರ್ಮೈಸ್ಟರ್ ಮತ್ತು ಓಹಾಯೋದ ಗ್ಯಾರಿ ಸ್ಮಾಲ್ ಒಂದು ಕಿಡಿಗೇಡಿ ಪ್ರಯೋಗ ಮಾಡಿದರು. ವಿಜ್ಞಾನದಲ್ಲಿ ನನಗೆ ಬಹಳ ಇಷ್ಟವಾದ ಕಿಡಿಗೇಡಿತನಗಳಲ್ಲಿ ಇದೊಂದು. ಅವರು ಮನುಷ್ಯರನ್ನು ಕರೆಯಲಿಲ್ಲ. ನೀರು, ಪ್ರೊಟೀನ್, ಕೊಬ್ಬನ್ನು ಹೋಲುವ ಟ್ರೈಅಸಿಟಿನ್ ಎಂಬ ರಾಸಾಯನಿಕ, ಇವಿಷ್ಟರಿಂದ ದೇಹದ ಅಂಗಾಂಶವನ್ನು ಹೋಲುವ ನಕಲಿ ಮಾದರಿಗಳನ್ನು ತಯಾರಿಸಿದರು. ಅವುಗಳಲ್ಲಿ ಗ್ಲುಕೋಸಿನ ಒಂದು ಕಣವೂ ಇರಲಿಲ್ಲ. ಒಂದಾದ ಮೇಲೊಂದರಂತೆ ಅವುಗಳ ಮೂಲಕ ಅತಿಗೆಂಪು ಬೆಳಕು ಹಾಯಿಸಿ ದಾಖಲಿಸಿಕೊಂಡರು. ಆಮೇಲೆ, ಗ್ಲುಕೋಸ್ ನೀರು ಕುಡಿದ ಮನುಷ್ಯರಲ್ಲಿ ಸಕ್ಕರೆ ಏರಿ ಇಳಿಯುವ, ಮೊದಲೇ ಪ್ರಕಟವಾಗಿದ್ದ ಸಂಖ್ಯೆಗಳನ್ನು ತಂದು ಈ ದಾಖಲೆಗಳ ಪಕ್ಕಕ್ಕೆ ಅಂಟಿಸಿದರು. ಇದಕ್ಕೆ ಇಷ್ಟು ಸಕ್ಕರೆ, ಅದಕ್ಕೆ ಅಷ್ಟು ಸಕ್ಕರೆ, ಎಲ್ಲ ಸುಳ್ಳು. ಹಾಗೆ ಅಂಟಿಸಿದ್ದನ್ನು ಅಂದಿನ ವಾಡಿಕೆಯ ಗಣಿತಕ್ಕೆ ಕೊಟ್ಟು ಕಲಿ ಎಂದರು.

ಅದು ಕಲಿತೇಬಿಟ್ಟಿತು! ಸಕ್ಕರೆಯೇ ಇಲ್ಲದ ನೀರಿನಲ್ಲಿ ಸಕ್ಕರೆ ಎಷ್ಟಿದೆ ಎಂದು ಮೇಲ್ನೋಟಕ್ಕೆ ಒಪ್ಪುವಂತೆಯೇ ಹೇಳಿತು. ಆದದ್ದೇನೆಂದರೆ, ಪ್ರಯೋಗ ನಡೆಯುವ ಹೊತ್ತಿನಲ್ಲಿ ಉಪಕರಣವೂ ಸುತ್ತಲಿನ ಪರಿಸರವೂ ಸ್ವಲ್ಪ ಸ್ವಲ್ಪವೇ ಬದಲಾಗುತ್ತವೆ. ಮನುಷ್ಯನ ಶುಗರೂ ಗ್ಲುಕೋಸ್ ಕುಡಿದ ಮೇಲೆ ನಯವಾಗಿ ಏರಿ ನಯವಾಗಿ ಇಳಿಯುತ್ತದೆ. ಕಾಲದ ಜೊತೆ ನಿಧಾನವಾಗಿ ಬದಲಾಗುವ ಎರಡು ಸಂಗತಿಗಳ ನಡುವೆ ನಂಟು ಹುಡುಕುವುದು ಗಣಿತಕ್ಕೆ ಕಷ್ಟವೇ ಅಲ್ಲ. ನಂಟು ಸಿಕ್ಕಿದ ಮೇಲೆ ಅದು ಸಕ್ಕರೆಯದೋ ಗಡಿಯಾರದ್ದೋ ಎಂದು ಯಂತ್ರ ಕೇಳುವುದಿಲ್ಲ. ಆಗಿನ ಗಣಿತಕ್ಕೆ ಹೋಲಿಸಿದರೆ ಇಂದಿನ ನ್ಯೂರಲ್ ನೆಟ್‌ವರ್ಕುಗಳು ನಂಟು ಕಟ್ಟುವುದರಲ್ಲಿ ಎಷ್ಟೋ ಪಟ್ಟು ಚುರುಕು, ಆದ್ದರಿಂದ ಅಪಾಯವೂ ಅಷ್ಟೇ ಹೆಚ್ಚು.

ಈಗಿನ ವಾಚುಗಳ ಹಸಿರು ಬೆಳಕು ನಾಡಿಮಿಡಿತವನ್ನು ಚೆನ್ನಾಗಿಯೇ ಹಿಡಿಯುತ್ತದೆ. ಅದರಿಂದ ಶುಗರ್ ಕಂಡುಹಿಡಿದೆವು ಎನ್ನುವ ಪ್ರಬಂಧ ಕೈಗೆ ಬಂದರೆ ಒಂದು ಪ್ರಶ್ನೆ ಕೇಳಿ ನೋಡಿ: ಕಲಿಸಲು ಬಳಸಿದ ವ್ಯಕ್ತಿಯ ದತ್ತಾಂಶವನ್ನೇ ಪರೀಕ್ಷೆಗೂ ಬಳಸಿದ್ದಾರೆಯೇ? ಒಬ್ಬನೇ ಮನುಷ್ಯನ ದಾಖಲೆಗಳನ್ನು ಕಲಸಿ, ಅರ್ಧವನ್ನು ಕಲಿಕೆಗೆ, ಅರ್ಧವನ್ನು ಪರೀಕ್ಷೆಗೆ ಹಾಕಿದರೆ ಯಂತ್ರ ಸಕ್ಕರೆಯನ್ನು ಗುರುತಿಸಬೇಕಿಲ್ಲ, ಮನುಷ್ಯನನ್ನು ಗುರುತಿಸಿದರೆ ಸಾಕು. ಇವರು ಸುಬ್ಬಣ್ಣ, ಇವರದು ಸಾಮಾನ್ಯವಾಗಿ 180ರ ಆಸುಪಾಸು ಎಂದು ಹೇಳಿ ಪಾಸಾಗುತ್ತದೆ. ಹಿಂದೆಂದೂ ನೋಡದ ಹತ್ತು ಮಂದಿಯನ್ನು ಕೂರಿಸಿದರೆ ಬಣ್ಣ ಬಯಲು. ಹಣವೂ ಬುದ್ಧಿಯೂ ಧಾರಾಳವಾಗಿದ್ದ ಗೂಗಲ್ ಕಂಪನಿಯೇ 2014ರ ಜನವರಿಯಲ್ಲಿ ಕಣ್ಣೀರಿನಿಂದ ಶುಗರ್ ಅಳೆಯುವ ಕಾಂಟ್ಯಾಕ್ಟ್ ಲೆನ್ಸ್ ಮಾಡುತ್ತೇವೆ ಎಂದು ಘೋಷಿಸಿತ್ತು. 2018ರ ನವೆಂಬರಿನಲ್ಲಿ ಅದರ ಸೋದರ ಸಂಸ್ಥೆ ವೆರಿಲಿ ಆ ಕೆಲಸ ನಿಲ್ಲಿಸಿತು. ಕಣ್ಣೀರಿನ ಸಕ್ಕರೆಗೂ ರಕ್ತದ ಸಕ್ಕರೆಗೂ ನೆಚ್ಚಬಹುದಾದ ನಂಟು ಸಿಗಲಿಲ್ಲ ಎಂದು ಒಪ್ಪಿಕೊಂಡಿತು. ಸೋತದ್ದನ್ನು ಹೀಗೆ ಬಾಯಿಬಿಟ್ಟು ಹೇಳಿದ್ದಕ್ಕೆ ನಾನು ಅವರನ್ನು ಮೆಚ್ಚುತ್ತೇನೆ.

ದತ್ತಾಂಶದ ಮಾತು ಬಂದಾಗ ನಮ್ಮ ಎಂಜಿನಿಯರಿಂಗ್ ಕಾಲೇಜುಗಳನ್ನೂ ಬಿಡುವಂತಿಲ್ಲ. ‘ಮಧುಮೇಹ ಮುನ್ಸೂಚನೆ’ ಎಂಬ ಫೈನಲ್ ಇಯರ್ ಪ್ರಾಜೆಕ್ಟಿಗೆ ಹುಡುಗರು ಬಳಸುವುದು ಹೆಚ್ಚಾಗಿ ಒಂದೇ ಪಟ್ಟಿ: ಅಮೆರಿಕದ ಅರಿಜೋನಾದ ಪೀಮಾ ಬುಡಕಟ್ಟಿನ 768 ಮಹಿಳೆಯರದು, 1980ರ ದಶಕದ ಪ್ರಬಂಧವೊಂದರಿಂದ ಬಂದದ್ದು. ಅದರಲ್ಲಿ 35 ಮಂದಿಯ ಬಿಪಿ ಸೊನ್ನೆ! 374 ಮಂದಿಯ ಇನ್ಸುಲಿನ್ ಕೂಡ ಸೊನ್ನೆ. ಅಳೆಯದೆ ಬಿಟ್ಟ ಕಡೆಯಲ್ಲೆಲ್ಲ ಸೊನ್ನೆ ತುಂಬಿದ್ದಾರೆ ಅಷ್ಟೆ. ಅದನ್ನು ಗಮನಿಸದೆ ಮಾದರಿ ಕಟ್ಟಿ ಒಳ್ಳೆಯ ಅಂಕ ಪಡೆದವರ ಸಂಖ್ಯೆ ಸಣ್ಣದಿರಲಾರದು. ಮಂಡ್ಯ, ರಾಯಚೂರಿನ ಜನರ ಶುಗರಿಗೂ ಆ ಪಟ್ಟಿಗೂ ಏನು ಸಂಬಂಧ ಎಂದು ಮೌಖಿಕ ಪರೀಕ್ಷೆಯಲ್ಲಿ ಯಾರಾದರೂ ಕೇಳಿದರೆ ಒಳ್ಳೆಯದು.

ನಮ್ಮ ಕಷ್ಟದ ಗಾತ್ರವೇ ಬೇರೆ. ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಷನ್ ಮುಂದಾಳತ್ವದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿ. ಇವರಲ್ಲಿ ಬಹುಪಾಲು ಟೈಪ್ 2, ಮಾತ್ರೆಯಲ್ಲೇ ನಡೆಯುವವರು. ಇಷ್ಟೂ ಜನ ವರ್ಷವಿಡೀ ಸೆನ್ಸರ್ ಧರಿಸುವುದು ಆಗದ ಮಾತು. ಎರಡು ವಾರದ ಒಂದು ಸೆನ್ಸರಿಗೇ ಸಾವಿರಾರು ರೂಪಾಯಿ. ಎಲ್ಲರಿಗೂ ಅದರ ಅಗತ್ಯವೂ ಇಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಪದೇ ಪದೇ ಲೋ ಆಗುವವರು, ಇವರಿಗೆ ಮೊದಲು ಸಿಗಬೇಕು. ಉಳಿದವರಿಗೆ ಮಾತ್ರೆ ಬದಲಿಸುವ ಮುನ್ನ ಎರಡು ವಾರ ಹಾಕಿ ನೋಡಿದರೂ ಬಹಳ ತಿಳಿಯುತ್ತದೆ. ರಾಗಿ ತಿಂದರೆ ಶುಗರ್ ಏರುವುದಿಲ್ಲ ಎಂಬ ಹಳೇ ಮೈಸೂರಿನ ನಂಬಿಕೆ ಮೊದಲ ವಾರದಲ್ಲೇ ಅಲುಗಾಡುತ್ತದೆ. ರಾಗಿಹಿಟ್ಟಿನಲ್ಲೂ ಮೂರನೇ ಎರಡು ಭಾಗ ಕಾರ್ಬೋಹೈಡ್ರೇಟೇ.

ಸೆನ್ಸರಿನ ದತ್ತಾಂಶ ನಮಗೆ ಬೇಕೆನ್ನುವುದಕ್ಕೆ ಇನ್ನೊಂದು ಕಾರಣವಿದೆ, ಇದರ ಚರ್ಚೆ ಕಡಿಮೆ. ಮೂರು ತಿಂಗಳ ಸರಾಸರಿ ಎಂದು ನಾವು ಕರೆಯುವ ಎಚ್‌ಬಿಎ1ಸಿ ಪರೀಕ್ಷೆ ನೋಡುವುದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯನ್ನು. ಕಬ್ಬಿಣದ ಕೊರತೆ ಇದ್ದವರಲ್ಲಿ, ಶುಗರ್ ಹೆಚ್ಚದಿದ್ದರೂ ಈ ಸಂಖ್ಯೆ ಏರಿ ಕಾಣಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಕಂಡುಬಂದ ದೇಶ ನಮ್ಮದು. ಎಚ್‌ಬಿಎ1ಸಿಗೂ ಸೆನ್ಸರಿನ ಸರಾಸರಿಗೂ ಎಲ್ಲಿ ತಾಳೆಯಾಗುವುದಿಲ್ಲ, ಯಾರಲ್ಲಿ ಆಗುವುದಿಲ್ಲ ಎಂದು ಯಂತ್ರಕ್ಕೆ ಕಲಿಸುವುದು ನಮ್ಮ ಹುಡುಗರ ಪ್ರಾಜೆಕ್ಟಿಗೆ ಹೇಳಿ ಮಾಡಿಸಿದ ವಿಷಯ.

ಕೊನೆಯದಾಗಿ ತಟ್ಟೆಯ ಪ್ರಶ್ನೆ. ಇನ್ಸುಲಿನ್ ಲೆಕ್ಕ ಹಾಕುವ ಬಹುತೇಕ ವ್ಯವಸ್ಥೆಗಳು ಊಟಕ್ಕೆ ಮೊದಲು ಕಾರ್ಬೋಹೈಡ್ರೇಟ್ ಎಷ್ಟು ಗ್ರಾಂ ಎಂದು ಕೇಳುತ್ತವೆ. ಬ್ರೆಡ್ಡಿನ ಪೊಟ್ಟಣದ ಮೇಲೆ ಅದು ಅಚ್ಚಾಗಿರುತ್ತದೆ. ಅಮ್ಮ ಬಡಿಸಿದ ಬಿಸಿಬೇಳೆಬಾತಿನ ಮೇಲೆ ಯಾರು ಅಚ್ಚು ಹಾಕುತ್ತಾರೆ? ಹೊಲದಲ್ಲಿ ದುಡಿಯುವವರ ಮುದ್ದೆಗೂ ಬೆಂಗಳೂರಿನ ಮೆಸ್ಸಿನ ಮುದ್ದೆಗೂ ಗಾತ್ರದಲ್ಲಿ ಸಂಬಂಧವೇ ಇಲ್ಲ. ಬಾಸ್ಟನ್ ವಿಶ್ವವಿದ್ಯಾಲಯದ ಎಂಜಿನಿಯರ್ ಎಡ್ ಡಮಿಯಾನೊ, ಎಳೆಗೂಸಾಗಿದ್ದಾಗಲೇ ಟೈಪ್ 1 ಬಂದ ಮಗನಿಗಾಗಿ ವರ್ಷಗಟ್ಟಲೆ ದುಡಿದು ರೂಪಿಸಿದ ಐಲೆಟ್ ಎಂಬ ಪಂಪ್ ವ್ಯವಸ್ಥೆ ಈ ಗ್ರಾಂ ಲೆಕ್ಕವನ್ನೇ ಕೈಬಿಟ್ಟಿತು. ಶುರುವಿಗೆ ದೇಹದ ತೂಕ ಹೇಳಿದರೆ ಸಾಕು. ಮುಂದೆ ಸೆನ್ಸರಿನ ಸಂಖ್ಯೆಗಳಿಂದಲೇ ಆ ವ್ಯಕ್ತಿಗೆ ಎಷ್ಟು ಇನ್ಸುಲಿನ್ ಬೇಕೆಂದು ತಾನೇ ಕಲಿಯುತ್ತ ಹೋಗುತ್ತದೆ. 2022ರಲ್ಲಿ ಪ್ರಕಟವಾದ ಹದಿಮೂರು ವಾರದ ಪ್ರಯೋಗದಲ್ಲಿ ಅದನ್ನು ಬಳಸಿದವರ ಎಚ್‌ಬಿಎ1ಸಿ 7.9ರಿಂದ 7.3ಕ್ಕೆ ಇಳಿಯಿತು, ತಮ್ಮ ಹಿಂದಿನ ಕ್ರಮದಲ್ಲೇ ಮುಂದುವರಿದವರದು 7.7ರಲ್ಲೇ ನಿಂತಿತು. 2023ರ ಮೇ ತಿಂಗಳಲ್ಲಿ ಎಫ್‌ಡಿಎ ಒಪ್ಪಿಗೆಯೂ ಸಿಕ್ಕಿತು. ಊಟಕ್ಕೆ ಕೂತಾಗ ಅದು ಕೇಳುವ ಪ್ರಶ್ನೆಗೆ ಮೂರೇ ಉತ್ತರ: ದಿನದಂತೆ, ದಿನಕ್ಕಿಂತ ಹೆಚ್ಚು, ದಿನಕ್ಕಿಂತ ಕಡಿಮೆ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತವರೂ ಇಷ್ಟನ್ನು ಪ್ರಾಮಾಣಿಕವಾಗಿ ಹೇಳಬಲ್ಲರು.